ಮೊದಲ ಸಂಚಿಕೆಯ ಸಾಲ

ಕುವೈತಿನಲ್ಲಿ ಸಂಜೆ ಐದು ಗಂಟೆ ಅಂದ್ರೆ ತೀರ್ಥಹಳ್ಳಿಯಲ್ಲಿ ಏಳೂವರೆ. ನಾನು ಆಫೀಸಿಂದ ಬಂದು ಚಹಾ ಇಡುವ ಹೊತ್ತಿಗೆ ಅಲ್ಲಿ ಅಮ್ಮನ ಧಾರಾವಾಹಿ ಶುರುವಾಗಿರುತ್ತೆ. ಫೋನ್ ಮಾಡಿದರೆ, "ಇದೊಂದು ಮುಗೀಲಿ ಮಾರಾಯ್ತಿ, ನಾನೇ ಮಾಡ್ತೀನಿ" ಅಂತಾರೆ. ಒಂದು ಮುಗಿದ ಮೇಲೆ ಇನ್ನೊಂದು. ಅವರು ವಾಪಸ್ ಮಾಡುವಾಗ ನಮ್ಮಲ್ಲಿ ಏಳಾಗಿರುತ್ತೆ, ನನ್ನ ಎಂಟು ವರ್ಷದ ಮಗ ಹೋಮ್‌ವರ್ಕ್ ಮುಂದೆ ಮುಖ ಗಂಟು ಹಾಕಿಕೊಂಡು ಕೂತಿರುತ್ತಾನೆ.

ಅವನಿಗೂ ಅಜ್ಜಿಗೂ ನಡೆಯುತ್ತಿದ್ದ ಮಾತು ಇಷ್ಟೇ.

"ಊಟ ಆಯ್ತಾ ಪುಟ್ಟ?"

"ಆಯ್ತು."

"ಸ್ಕೂಲ್ ಹೆಂಗಾಯ್ತು?"

"ಗುಡ್."

ಆಮೇಲೆ ಫೋನ್ ನನ್ನ ಕೈಗೆ. ನಿಮ್ಮ ಮನೆಯಲ್ಲೂ ಹೀಗೇ ನಡೆಯುತ್ತಿರಬಹುದು. ಅಥವಾ, ಆ "ಗುಡ್" ಹೇಳಿ ಎದ್ದು ಓಡಿದ ಮಗು ಒಂದು ಕಾಲದಲ್ಲಿ ನೀವೇ ಆಗಿರಬಹುದು. ಮಗುವಿಗೆ ಕನ್ನಡ ಬರೋದಿಲ್ಲ ಅಂತಲ್ಲ. ಕನ್ನಡದಲ್ಲಿ ಮಾತಾಡೋದಕ್ಕೆ ಅದರ ಹತ್ತಿರ ವಿಷಯ ಇರೋದಿಲ್ಲ.

ಸೀರಿಯಲ್‌ನಿಂದ ವಿಷಯ ಸಿಗಬಹುದು ಅಂತ ಹೋದ ವರ್ಷ ಒಂದು ಪ್ರಯತ್ನ ಶುರು ಮಾಡಿದೆ. ಪ್ರತಿ ಶುಕ್ರವಾರ, ಅಂದರೆ ನಮ್ಮ ಇಲ್ಲಿನ ರಜೆಯ ದಿನ, ಕನ್ನಡ ನಾಡಿನದ್ದೊಂದು ಸೀರಿಯಲ್ಲಿನ ಮೊದಲ ಸಂಚಿಕೆ ಹಾಕೋದು. ಮುಂದುವರಿಸಬೇಕೋ ಬೇಡವೋ ಅಂತ ಮಗನೇ ಹೇಳಬೇಕು. ಕೆಲಸದ ಚಟ ನೋಡಿ, ಅವನು ಎಷ್ಟನೇ ನಿಮಿಷಕ್ಕೆ ಎದ್ದು ಹೋದ ಅಂತ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಡುತ್ತಿದ್ದೆ. ಒಂದೇ ಮಗುವಿನ ಮೇಲೆ ಮಾಡಿದ ಲೆಕ್ಕಕ್ಕೆ ನನ್ನ ವೃತ್ತಿಯಲ್ಲಿ ಯಾರೂ ಬೆಲೆ ಕೊಡೋದಿಲ್ಲ, ಗೊತ್ತು. ಆದರೆ ಕೊನೆಗೆ ಕೆಲಸಕ್ಕೆ ಬಂದದ್ದು ಆ ನಿಮಿಷಗಳ ಕಾಲಮ್ ಅಲ್ಲ. ಅದರ ಪಕ್ಕದಲ್ಲಿ, ಸಂಚಿಕೆ ಮುಗಿದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಏನು ಅಂತ ಸುಮ್ಮನೆ ಬರೆದಿಟ್ಟಿದ್ದೆನಲ್ಲ, ಆ ಕಾಲಮ್. ಈ ಬರಹ ಅದರ ಬಗ್ಗೆ.

ಆರಂಭಶೂರರು

ಜೋರಾಗಿ ಶುರು ಮಾಡಿ ನಡುವೆ ಕೈಬಿಡುವವರಿಗೆ ನಮ್ಮಲ್ಲಿ "ಆರಂಭಶೂರ" ಅಂತಾರೆ. ಟಿವಿ ಸರಣಿಗಳ ಬಗ್ಗೆ ಎಲ್ಲರ ದೂರೂ ಇದೇ. ಮೊದಲ ಸಂಚಿಕೆ ಎಷ್ಟು ಚೆನ್ನಾಗಿತ್ತು, ಆಮೇಲೆ ಏನಾಯ್ತೋ!

ಈ ದೂರಿನ ಅರ್ಧ ಭಾಗ ನಮ್ಮದೇ ಲೆಕ್ಕದ ತಪ್ಪು. ಮಾಸ್ಟರ್ಸ್ ಮಾಡುವಾಗ ಕಲಿತ, ಇವತ್ತಿಗೂ ವಾರಕ್ಕೊಮ್ಮೆ ಕೆಲಸಕ್ಕೆ ಬರುವ ಒಂದು ಪಾಠ ಇದೆ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಅಪ್ಪ-ಅಮ್ಮಂದಿರ ಎತ್ತರ, ಮಕ್ಕಳ ಎತ್ತರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ತುಂಬ ಎತ್ತರದವರ ಮಕ್ಕಳು ಸಾಮಾನ್ಯವಾಗಿ ಎತ್ತರವೇ, ಆದರೆ ಅಪ್ಪ-ಅಮ್ಮನಷ್ಟಲ್ಲ. ಸರಾಸರಿಯ ಕಡೆಗೆ ಒಂದು ಹೆಜ್ಜೆ ವಾಲಿರುತ್ತಾರೆ. ಯಾವುದೇ ಅಸಾಮಾನ್ಯ ಫಲಿತಾಂಶದಲ್ಲಿ ಒಂದಿಷ್ಟು ಸಾಮರ್ಥ್ಯ, ಒಂದಿಷ್ಟು ಅದೃಷ್ಟ ಸೇರಿರುತ್ತೆ. ಮುಂದಿನ ಸಲ ಸಾಮರ್ಥ್ಯ ಉಳಿಯುತ್ತೆ, ಅದೃಷ್ಟ ಉಳಿಯಬೇಕು ಅಂತೇನಿಲ್ಲ.

ಸರಣಿಗಳಲ್ಲೂ ಅಷ್ಟೇ. ಮೊದಲ ಸಂಚಿಕೆ ಕೆಟ್ಟದಾಗಿದ್ದರೆ ನಾವು ಎರಡನೆಯದನ್ನು ನೋಡೋದೇ ಇಲ್ಲ. ಮೊದಲನೆಯದು ಅಸಾಮಾನ್ಯವಾಗಿದ್ದವನ್ನಷ್ಟೇ ಆರಿಸಿಕೊಂಡು, ಎರಡನೆಯದು ಅಷ್ಟಿಲ್ಲವಲ್ಲ ಅಂತ ಬೇಸರ ಮಾಡಿಕೊಳ್ಳುತ್ತೇವೆ. ಕ್ಲಾಸಿಗೆ ಮೊದಲು ಬಂದವರನ್ನು ಮಾತ್ರ ಕರೆದು, ಮುಂದಿನ ಪರೀಕ್ಷೆಯಲ್ಲಿ ಯಾಕೆ ಮಾರ್ಕ್ಸ್ ಕಮ್ಮಿ ಅಂತ ಬೈದ ಹಾಗೆ.

ಉಳಿದರ್ಧ ಮಾತ್ರ ಲೆಕ್ಕದ ತಪ್ಪಲ್ಲ. ಅದು ಸಾಲದ ವಿಷಯ.

ಸಾಲ ಮತ್ತು ನಗದು

1990ರಲ್ಲಿ ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ ಬಂದ 'ಟ್ವಿನ್ ಪೀಕ್ಸ್' ಮೊದಲ ಸಂಚಿಕೆಯನ್ನೇ ತೆಗೆದುಕೊಳ್ಳಿ. ನೀರಿನ ದಡದಲ್ಲಿ ಪ್ಲಾಸ್ಟಿಕ್ ಸುತ್ತಿದ ಹುಡುಗಿಯ ಹೆಣ. ಕೊಂದವರು ಯಾರು? ಇಡೀ ದೇಶ ಇದೇ ಪ್ರಶ್ನೆ ಕೇಳಿತು. ಅದನ್ನು ಮಾಡಿದ ಡೇವಿಡ್ ಲಿಂಚ್‌ಗೆ ಆ ಪ್ರಶ್ನೆಗೆ ಬೇಗ ಉತ್ತರ ಕೊಡುವ ಮನಸ್ಸೇ ಇರಲಿಲ್ಲ. ಚಾನೆಲ್ ಒತ್ತಾಯ ಮಾಡಿತು, ಎರಡನೇ ಸೀಸನ್ನಿನ ನಡುವೆ ಕೊಲೆಗಾರ ಯಾರು ಅಂತ ಹೇಳಬೇಕಾಯಿತು. ಹೇಳಿದ ಮೇಲೆ ನೋಡುವವರು ಕರಗಿದರು, 1991ರಲ್ಲಿ ಸರಣಿ ನಿಂತಿತು. 2004ರ 'ಲಾಸ್ಟ್' ಇನ್ನೊಂದು ಉದಾಹರಣೆ. ದ್ವೀಪಕ್ಕೆ ಬಿದ್ದ ವಿಮಾನ, ಕಾಡಿನೊಳಗಿಂದ ಏನೋ ಒಂದು ಸದ್ದು. ಆ ಮೊದಲ ಸಂಚಿಕೆ ಎತ್ತಿದ ಪ್ರಶ್ನೆಗಳನ್ನು ತೀರಿಸಲು ಆರು ಸೀಸನ್ ಹಿಡಿಯಿತು. 2010ರಲ್ಲಿ ಅದು ಮುಗಿದಾಗ, ತೀರಿತು ಅಂದವರಿಗೂ ತೀರಲಿಲ್ಲ ಅಂದವರಿಗೂ ದೊಡ್ಡ ಜಗಳವೇ ಆಯಿತು.

ಇವೆರಡೂ ಅದ್ಭುತವಾದ ಮೊದಲ ಸಂಚಿಕೆಗಳು, ಅದರಲ್ಲಿ ಅನುಮಾನ ಬೇಡ. ಆದರೆ ಅವುಗಳ ಬಲ ಸಾಲದ ಬಲ. ನಮ್ಮ ಕುತೂಹಲವನ್ನು ಕೈಗಡ ತೆಗೆದುಕೊಂಡು "ಮುಂದೆ ಕೊಡ್ತೀವಿ" ಅಂತ ಮಾತು ಕೊಡುತ್ತವೆ. ಇಂಥ ಸಂಚಿಕೆ ಮುಗಿದಾಗ ಬಾಯಲ್ಲಿ ಬರುವ ಪ್ರಶ್ನೆ ಒಂದೇ, "ಮುಂದೇನಾಗುತ್ತೆ?"

ಇನ್ನೊಂದು ಜಾತಿಯ ಮೊದಲ ಸಂಚಿಕೆ ಇದೆ. ಅದು ನಗದು. ನೀವು ಕೊಟ್ಟ ಅರ್ಧ ಗಂಟೆಗೆ ಅಲ್ಲೇ, ಆಗಲೇ ಏನೋ ಒಂದನ್ನು ನಿಮ್ಮ ಕೈಗಿಡುತ್ತೆ. ಅದು ಮುಗಿದಾಗ ಬರುವ ಪ್ರಶ್ನೆ "ಮುಂದೇನು" ಅಲ್ಲ, "ಅವನು ಯಾಕೆ ಹಾಗೆ ಮಾಡಿದ?"

ನನ್ನ ಸ್ಪ್ರೆಡ್‌ಶೀಟ್‌ನ ಆ ಎರಡನೇ ಕಾಲಮ್ಮಿನಲ್ಲಿ ಈ ಎರಡು ಪ್ರಶ್ನೆಗಳೇ ಬೇರೆ ಬೇರೆ ರೂಪದಲ್ಲಿ ಇದ್ದವು. "ಮುಂದೇನು" ಅಂತ ಕೇಳಿದ ಮಗು ರಿಮೋಟ್ ಕೇಳುತ್ತೆ. "ಯಾಕೆ" ಅಂತ ಕೇಳಿದ ಮಗುವಿಗೆ ಉತ್ತರ ಹೇಳೋದಕ್ಕೆ ಒಬ್ಬ ಮನುಷ್ಯ ಬೇಕು.

ವಾರಕ್ಕೊಮ್ಮೆ ಪರೀಕ್ಷೆ

ಈಗ ನಮ್ಮ ದಿನದ ಧಾರಾವಾಹಿಗಳಿಗೆ ಬನ್ನಿ. ಜೀ ಕನ್ನಡದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ 'ಜೊತೆ ಜೊತೆಯಲಿ' ನಿಮಗೆ ನೆನಪಿರಬಹುದು. ನಲವತ್ತು ದಾಟಿದ ಶ್ರೀಮಂತ ಉದ್ಯಮಿ ಆರ್ಯವರ್ಧನ್, ಇಪ್ಪತ್ತರ ಆಸುಪಾಸಿನ ಮಧ್ಯಮವರ್ಗದ ಹುಡುಗಿ ಅನು ಸಿರಿಮನೆ. ಮರಾಠಿ ಧಾರಾವಾಹಿಯೊಂದರ ರೀಮೇಕ್ ಆದರೂ ಶುರುವಿನಲ್ಲಿ ಅದಕ್ಕೆ ಒಂದು ಅಚ್ಚುಕಟ್ಟು ಇತ್ತು. ಅನುವಿನ ಮನೆಯ ಖರ್ಚು-ವೆಚ್ಚ, ಅಪ್ಪ-ಅಮ್ಮನ ಲೆಕ್ಕಾಚಾರ, ಮರ್ಯಾದೆಯ ಚಿಂತೆ ಎಲ್ಲ ಸಣ್ಣ ಸಣ್ಣ ಮಾತಿನಲ್ಲೇ ಕಾಣುತ್ತಿತ್ತು. ಅದರ ಸಾಲವೂ ಅಷ್ಟೇ ದೊಡ್ಡದು. ಈ ವಯಸ್ಸಿನ ಅಂತರ ಒಂದು ಮನೆಯನ್ನು ಏನು ಮಾಡುತ್ತೆ? ಆ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸೋದಕ್ಕೆ ನೂರು ಸಂಚಿಕೆ ಸಾಕಿತ್ತು. ಧಾರಾವಾಹಿ 2023ರವರೆಗೆ ಹೋಯಿತು. ಅಷ್ಟರಲ್ಲಿ ಕತೆ ಹಿಂದಿನ ಜನ್ಮಕ್ಕೂ ಹೋಗಿ ಬಂತು, ನಾಯಕ ನಟರೂ ಬದಲಾದರು.

ಇದು ಬರೆಯುವವರ ಸೋಮಾರಿತನ ಅಂತ ನನಗನ್ನಿಸುವುದಿಲ್ಲ. ಮೊದಲ ಸಂಚಿಕೆಗೆ ತಿಂಗಳುಗಟ್ಟಲೆ ಸಮಯ ಇರುತ್ತೆ. ಶುರುವಾದ ಮೇಲೆ ವಾರಕ್ಕೆ ಐದು ಸಂಚಿಕೆ ಕೊಡಬೇಕು, ಕೂಡಿಟ್ಟ ಸಂಚಿಕೆಗಳು ಬೇಗ ಖಾಲಿಯಾಗುತ್ತವೆ, ಇವತ್ತು ಬರೆದದ್ದನ್ನು ಕೆಲವೇ ದಿನಗಳಲ್ಲಿ ಜನ ನೋಡುತ್ತಾರೆ. ಮೇಲಿಂದ ಪ್ರತಿ ವಾರ ಟಿಆರ್‌ಪಿ. ನನ್ನ ಕೆಲಸದಲ್ಲೂ ಇಂಥದ್ದನ್ನು ನೋಡಿದ್ದೇನೆ. ಒಂದು ಅಳತೆಯನ್ನೇ ಗುರಿ ಮಾಡಿಕೊಂಡರೆ, ಆ ಅಳತೆ ಮೊದಲು ಅಳೆಯುತ್ತಿದ್ದ ವಿಷಯ ಕೈಜಾರುತ್ತೆ. ವಾರವಾರ ಸಂಖ್ಯೆ ನೋಡಿ ಕತೆ ತಿರುಗಿಸುವವರು ಹಳೇ ಸಾಲ ತೀರಿಸಲು ಹೊಸ ಸಾಲ ಎತ್ತುತ್ತಿರುತ್ತಾರೆ. ಸತ್ತವರು ಬದುಕಿ ಬರುತ್ತಾರೆ, ಅವಳಿ ಜವಳಿ ಸಿಗುತ್ತಾರೆ, ನೆನಪು ಹೋಗುತ್ತೆ.

ಕಲರ್ಸ್ ಕನ್ನಡದ 'ಕನ್ನಡತಿ'ಯನ್ನು ನಾನು ಬೇರೆ ಸಾಲಿನಲ್ಲಿ ಇಡುತ್ತೇನೆ. 2020ರ ಜನವರಿಯಲ್ಲಿ ಶುರು, ಎರಡೇ ತಿಂಗಳಲ್ಲಿ ಲಾಕ್‌ಡೌನ್, ಆದರೂ 2023ರವರೆಗೆ ನಡೆಯಿತು. ಮಲೆನಾಡಿನಿಂದ ಬೆಂಗಳೂರಿಗೆ ಬಂದ ಕನ್ನಡ ಮೇಡಂ ಭುವನೇಶ್ವರಿಯ ಪಾತ್ರದಲ್ಲಿ ರಂಜನಿ ರಾಘವನ್, ಇಂಗ್ಲಿಷ್ ಬೆರೆಸಿ ತಪ್ಪು ತಪ್ಪು ಕನ್ನಡ ಮಾತಾಡುವ ಹರ್ಷನಾಗಿ ಕಿರಣ್ ರಾಜ್. ಇದರ ಶುರುವಿನಲ್ಲಿ ಹೆಣ ಇಲ್ಲ, ಶಾಪ ಇಲ್ಲ. ಒಬ್ಬಳಿಗೆ ಭಾಷೆ ಬರುತ್ತೆ, ಒಬ್ಬನಿಗೆ ಸರಿಯಾಗಿ ಬರೋದಿಲ್ಲ, ಅಷ್ಟೇ. ಸಂಚಿಕೆಯ ಕೊನೆಗೆ ಒಂದು ಪದದ ಸರಿಯಾದ ಬಳಕೆ ಹೇಳಿಕೊಡುವ ಚಿಕ್ಕ ತುಣುಕು ಬೇರೆ ಇರುತ್ತಿತ್ತು. ಕತೆ ಎಲ್ಲೇ ದಾರಿ ತಪ್ಪಿದರೂ ಆ ತುಣುಕು ಆವತ್ತಿನ ಲೆಕ್ಕವನ್ನು ಆವತ್ತೇ ಚುಕ್ತಾ ಮಾಡುತ್ತಿತ್ತು.

ನನ್ನ ಮಗನಿಗೆ ಭುವಿ ಇಷ್ಟವಾಗಲಿಲ್ಲ, ಹರ್ಷ ಇಷ್ಟವಾದ. "ಅಮ್ಮಾ, ಅವನಿಗೂ ಬರಲ್ಲ!" ಅಂದ. ಎಷ್ಟು ಖುಷಿಯಿತ್ತು ಗೊತ್ತಾ ಆ ದನಿಯಲ್ಲಿ. ತಪ್ಪು ಕನ್ನಡ ಮಾತಾಡುವವನೂ ಕತೆಯ ನಾಯಕ ಆಗಬಹುದು ಅಂತ ಅವನಿಗೆ ಆವತ್ತೇ ಗೊತ್ತಾಗಿದ್ದು. ಭಾಷೆ ಕಲಿಯುತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸಬರ ಬಾಗಿಲು

ಸಾಲ ಮಾಡುವ ಸಂಚಿಕೆಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಸಾಲ ತೀರಿಸುವಷ್ಟು ದೂರವನ್ನೇ ನಡೆದರೆ ಸಾಕು. ಝೀ5ನಲ್ಲಿ 2025ರ ಏಪ್ರಿಲ್‌ನಲ್ಲಿ ಬಂದ 'ಅಯ್ಯನ ಮನೆ' ನೋಡಿ. ನಿರ್ದೇಶನ ರಮೇಶ್ ಇಂದಿರಾ ಅವರದ್ದು. ಖುಷಿ ರವಿ ಮಾಡಿರುವ ಜಾಜಿ ಹೊಸ ಸೊಸೆಯಾಗಿ ಮನೆಗೆ ಕಾಲಿಡುತ್ತಾಳೆ, ಮನೆಯಲ್ಲಿ ಸಾವು. ಈ ಮನೆಗೆ ಬಂದ ಸೊಸೆಯಂದಿರು ಹಿಂದೆಯೂ ಉಳಿದಿಲ್ಲ ಅಂತ ಅವಳಿಗೆ ಮೆಲ್ಲಗೆ ತಿಳಿಯುತ್ತೆ. ಪಕ್ಕಾ ಸಾಲದ ಸಂಚಿಕೆ. ಆದರೆ ಸಂಚಿಕೆಗಳು ಚಿಕ್ಕವು, ಒಂದು ರಾತ್ರಿಯಲ್ಲಿ ನೋಡಿ ಮುಗಿಸಬಹುದು. ಕೊಟ್ಟ ಮಾತು ನೆನಪಿರುವಾಗಲೇ ಕತೆ ಮುಗಿಯುತ್ತೆ.

(ಇದನ್ನು ನಾನು ಮಗನಿಗೆ ತೋರಿಸಲಿಲ್ಲ. ಹೆದರಿಕೆಯ ಕತೆ, ದೊಡ್ಡವರಿಗೆ. ಅವನು ಮಲಗಿದ ಮೇಲೆ ನಾವಿಬ್ಬರು ನೋಡಿದ್ದು.)

ಅದರ ಮೊದಲ ಸಂಚಿಕೆ ಕೆಲಸ ಮಾಡೋದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಹಾಗೇ ಜಾಜಿಯೂ ಆ ಮನೆಗೆ ಹೊಸಬಳು. ಯಾವ ಕೋಣೆಗೆ ಹೋಗಬಾರದು, ಯಾರ ಮುಂದೆ ಏನು ಮಾತಾಡಬಾರದು ಅನ್ನೋದನ್ನು ಅವಳ ಜೊತೆಗೇ ನಾವು ಕಲಿಯುತ್ತೇವೆ. ಪರದೇಶದಲ್ಲಿ ಬೆಳೆದವರಿಗೆ ಇದು ದೊಡ್ಡ ಉಪಕಾರ. ಕತೆಯೊಳಗಿನವರೆಲ್ಲ ಎಲ್ಲ ಗೊತ್ತಿದ್ದವರ ಹಾಗೆ ಮಾತಾಡುತ್ತಿದ್ದರೆ ಹೊಸಬರು ಬಾಗಿಲಲ್ಲೇ ನಿಂತಿರುತ್ತಾರೆ. ಒಬ್ಬರಾದರೂ ಹೊಸಬರು ಒಳಗಿದ್ದರೆ, ಅವರ ಸೆರಗು ಹಿಡಿದು ನಾವೂ ಒಳಗೆ ಹೋಗಬಹುದು.

ಕರಾವಳಿಯವರಿಗೆ ಈ ದಾರಿ ಮೂವತ್ತು ವರ್ಷದ ಹಿಂದೆಯೇ ಗೊತ್ತಿತ್ತು. 90ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬಂದ, ಸದಾನಂದ ಸುವರ್ಣ ನಿರ್ದೇಶಿಸಿದ 'ಗುಡ್ಡದ ಭೂತ'ದಲ್ಲಿ ಯುವ ಪ್ರಕಾಶ್ ರೈ ಇದ್ದರು. ಆಮೇಲೆ ದೇಶವೆಲ್ಲ ಪ್ರಕಾಶ್ ರಾಜ್ ಅಂತ ಗುರುತಿಸಿದ್ದು ಇವರನ್ನೇ. ನಮ್ಮ ಪಕ್ಕದ ಫ್ಲಾಟಿನ ಉಡುಪಿಯ ಅಂಕಲ್ ಮುಂದೆ ಹೆಸರು ಎತ್ತಿ ನೋಡಿ. ಕತೆ ಅರ್ಧಂಬರ್ಧ ಮರೆತಿದ್ದಾರೆ, ಆದರೆ ಶೀರ್ಷಿಕೆ ಗೀತೆಯ ರಾಗ ತಕ್ಷಣ ಗುನುಗುತ್ತಾರೆ. ಆ ರಾಗ ಕೇಳಿದರೆ ಗುಡ್ಡ, ಕತ್ತಲೆ, ಹೆದರಿಕೆ ಮೂರೂ ಬಂದುಬಿಡುತ್ತೆ. ಒಂದು ಲೋಕದ ಬಾಗಿಲು ತೆರೆಯೋದಕ್ಕೆ ಮಾತೇ ಬೇಕು ಅಂತೇನಿಲ್ಲ.

ಪ್ರತಿ ಸಂಚಿಕೆಯೂ ಮೊದಲನೆಯದೇ

ಹಾಗಾದರೆ ನನ್ನ ಮಗನ "ಯಾಕೆ" ಬಂದದ್ದು ಯಾವುದಕ್ಕೆ? ನಗಬೇಡಿ. 'ಮಾಲ್ಗುಡಿ ಡೇಸ್'.

1986ರಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಸರಣಿ. ಕತೆ ಆರ್.ಕೆ. ನಾರಾಯಣ್, ಚಿತ್ರಗಳು ಆರ್.ಕೆ. ಲಕ್ಷ್ಮಣ್, ಸಂಗೀತ ಎಲ್. ವೈದ್ಯನಾಥನ್, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಇಷ್ಟೊಂದು ಕನ್ನಡದವರು ಸೇರಿ ಕರ್ನಾಟಕದ ಮಣ್ಣಿನಲ್ಲಿ ಮಾಡಿದ ಈ ಸರಣಿ ತಯಾರಾದದ್ದು ಹಿಂದಿಯಲ್ಲಿ, ಮೊದಲ 13 ಸಂಚಿಕೆಗಳು ಇಂಗ್ಲಿಷಿನಲ್ಲೂ. ಈ ನೋವು ನನಗೂ ಇದೆ. ಕನ್ನಡ ಕಲಿಸೋದಕ್ಕೆ ಹೊರಟು ಇಂಗ್ಲಿಷ್ ಸಂಚಿಕೆ ಹಾಕಿದೆ ಅಂತ ನೀವು ಬೈಯಬಹುದು.

ನಾನು ಮೊದಲು ಹಾಕಿದ್ದು 'ಎ ಹೀರೋ' ಕತೆ. ಹುಲಿಯ ಜೊತೆ ಹೋರಾಡಿದ ಹುಡುಗನ ಸುದ್ದಿಯನ್ನು ಪೇಪರಿನಲ್ಲಿ ಓದಿದ ಅಪ್ಪ, ಧೈರ್ಯ ಇದ್ದರೆ ಇವತ್ತು ರಾತ್ರಿ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಅಂತಾನೆ. ಅಜ್ಜಿಯ ಪಕ್ಕ ಮಲಗಿ ಅಭ್ಯಾಸವಾದ ಸ್ವಾಮಿ ಹೆದರಿ ಬೆಂಚಿನ ಕೆಳಗೆ ಮುದುಡಿಕೊಳ್ಳುತ್ತಾನೆ. ಕತ್ತಲಲ್ಲಿ ಏನೋ ಹತ್ತಿರ ಬಂತು ಅಂತ ಗಾಬರಿಯಲ್ಲಿ ಅದರ ಕಾಲಿಗೆ ಕಚ್ಚುತ್ತಾನೆ. ಅದು ಕಳ್ಳ! ಬೆಳಗಾಗುವಷ್ಟರಲ್ಲಿ ಸ್ವಾಮಿ ಊರಿಗೇ ಹೀರೋ. ಮತ್ತೆ ರಾತ್ರಿಯಾದಾಗ? ಅಜ್ಜಿಯ ಪಕ್ಕದಲ್ಲಿ.

ಇದನ್ನು ನೋಡೋಕೆ ಮಾಲ್ಗುಡಿ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. ಯಾರೂ ಬಂದು ಪಾತ್ರಗಳ ಪರಿಚಯ ಮಾಡಿಸುವುದಿಲ್ಲ. ಅಪ್ಪನ ಪೇಪರು, ಅಜ್ಜಿಯ ಹಾಸಿಗೆ, ಕತ್ತಲೆ ಕೋಣೆ ಇಷ್ಟರಲ್ಲೇ ಆ ಮನೆಯ ಕಾನೂನು ಪೂರ್ತಿ ಅರ್ಥವಾಗುತ್ತೆ. ಬಹುಪಾಲು ಕತೆಗಳು ಒಂದೇ ಸಂಚಿಕೆಯಲ್ಲಿ ಮುಗಿಯುವುದರಿಂದ ಈ ಸರಣಿಯಲ್ಲಿ ಹೆಚ್ಚುಕಮ್ಮಿ ಪ್ರತಿ ಸಂಚಿಕೆಯೂ ಮೊದಲ ಸಂಚಿಕೆಯೇ. ನಾಳೆಯ ಹೆಸರಲ್ಲಿ ಸಾಲ ಎತ್ತುವ ಅವಕಾಶವೇ ಇಲ್ಲ, ಪ್ರತಿಸಲ ನಗದೇ ಕೊಡಬೇಕು.

ಇತ್ತೀಚೆಗೆ ಇದೇ ದಾರಿ ಹಿಡಿದದ್ದು 'ಏಕಂ'. ಕರಾವಳಿಯ ಏಳು ಬಿಡಿ ಕತೆಗಳು, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯಂಥ ನಟರು, ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆಯ ಬೆಂಬಲ. ಇಷ್ಟಿದ್ದರೂ ಯಾವ ಒಟಿಟಿ ವೇದಿಕೆಯೂ ಸಿಗದೆ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ನನಗೆ ಆಶ್ಚರ್ಯವಾಗಲಿಲ್ಲ. ಬಿಡಿ ಕತೆಗಳಲ್ಲಿ "ಮುಂದೇನು" ಇರೋದಿಲ್ಲ. ಚಂದಾದಾರರನ್ನು ಮುಂದಿನ ತಿಂಗಳಿಗೂ ಹಿಡಿದಿಡೋದು "ಮುಂದೇನು" ಅನ್ನೋ ಪ್ರಶ್ನೆಯೇ. "ಯಾಕೆ" ಅಂತ ಕೇಳಿಸುವ ಕತೆ ನೋಡುವವರಿಗೆ ಲಾಭ, ಮಾರುವವರಿಗೆ ಅಷ್ಟೇನೂ ಅಲ್ಲ.

ಅಜ್ಜಿಯ ತಕರಾರು

ಆವತ್ತು ಸಂಚಿಕೆ ಮುಗಿದ ಮೇಲೆ ಮಗ ಕೇಳಿದ್ದು, "ಅವನು ಹೀರೋನಾ? ಮತ್ತೆ ಯಾಕೆ ಅಜ್ಜಿ ಹತ್ರ ಹೋಗಿ ಮಲಗ್ದ?"

"ನಂಗೊತ್ತಿಲ್ಲ, ಅಜ್ಜಿನೇ ಕೇಳು" ಅಂದೆ.

ಅಮ್ಮ ಫೋನ್ ಎತ್ತಿದರು. ಧಾರಾವಾಹಿ ಹೊತ್ತು ಬೇರೆ. ಅವನು ಕತೆ ಹೇಳೋಕೆ ಶುರು ಮಾಡಿದ. "ಕಳ್ಳ ಬಂದ, ಅವನು ಬೈಟ್ ಮಾಡ್ದ" ಅಂದ. "ಕಚ್ಚಿದ" ಅಂತ ಅಜ್ಜಿ ತಿದ್ದಿದರು. "ಹಾಂ, ಕಚ್ಚಿದ." ಆಮೇಲೆ ಇಬ್ಬರಿಗೂ ಜಗಳ. ಹೆದರಿದವನು ಹೀರೋ ಆಗೋದು ಹೆಂಗೆ ಅಂತ ಇವನು. ಹೆದರಿಕೆ ಇದ್ದೂ ಕಚ್ಚಿದನಲ್ಲ ಪುಟ್ಟ, ಅಂತ ಅವರು. ನಡುವೆ ಆಗುಂಬೆಯ ದೊಡ್ಡಮನೆಯ ಸುದ್ದಿ, ಶೂಟಿಂಗ್ ನೋಡೋಕೆ ಜನ ಹೋಗುತ್ತಿದ್ದದ್ದು, ಬಿಡದ ಮಳೆ. ಹಿಂದೆ ಟಿವಿಯಲ್ಲಿ ಯಾರೋ ಯಾರಿಗೋ ವಿಷ ಹಾಕುತ್ತಿದ್ದರು. ಅಮ್ಮ ಆ ಕಡೆ ತಿರುಗಲೂ ಇಲ್ಲ.

ಸಂಚಿಕೆ ಇಂಗ್ಲಿಷಿನದ್ದು. ಜಗಳ ಮಾತ್ರ ಪೂರ್ತಿ ಕನ್ನಡ.

ನನ್ನ ಸಿದ್ಧಾಂತಕ್ಕೆ ಸಾಕ್ಷಿ ಸಿಕ್ಕಿತು ಅಂತ ಬೀಗಿಕೊಂಡು ಮರುದಿನ ಅಮ್ಮನಿಗೆ ಸಾಲ-ನಗದು ಎಲ್ಲ ವಿವರಿಸಿದೆ. ದಿನದ ಧಾರಾವಾಹಿಗಳು ತೀರಿಸಲಾಗದ ಸಾಲ, ಅದಕ್ಕೇ ಎಳೆಯುತ್ತಾರೆ ಅಂದೆ. ಅಮ್ಮ ಕೇಳಿಸಿಕೊಂಡು ಹೇಳಿದರು, "ನಂಗೆ ಅದು ಮುಗಿಯೋದೇ ಬ್ಯಾಡ ಮಾರಾಯ್ತಿ. ಏಳೂವರೆಗೆ ಮನೇಲಿ ನಾಲ್ಕು ಜನ ಮಾತಾಡಿದ ಹಂಗಿರತ್ತೆ."

ಇದಕ್ಕೆ ಏನು ಹೇಳಲಿ? ಅಪ್ಪ ಹೋಗಿ ಐದು ವರ್ಷ, ನಾನಿಲ್ಲಿ, ತಮ್ಮ ಪುಣೆಯಲ್ಲಿ. ಅಮ್ಮ ಧಾರಾವಾಹಿಯನ್ನು ಕತೆ ಅಂತ ನೋಡುತ್ತಲೇ ಇರಲಿಲ್ಲ. ಅದು ಅವರಿಗೆ ಜೊತೆ. ಜೊತೆಗಿರುವವರ ಹತ್ತಿರ ಸಾಲದ ಲೆಕ್ಕ ಕೇಳೋದಿಲ್ಲ. ವಿಮರ್ಶೆ ಮಾಡುವವರು, ನಾನೂ ಸೇರಿ, ಒಂದು ಸಂಚಿಕೆಯನ್ನು ಕತೆಯ ಮೊದಲ ಪುಟ ಅಂತ ಅಳೆಯುತ್ತೇವೆ. ಅವರಿಗೆ ಅದು ಸಂಜೆಗೆ ಮನೆಗೆ ಬಂದ ನೆಂಟರು.

ಹಾಗಂತ ನನ್ನ ಮಾತು ವಾಪಸ್ ತೆಗೆದುಕೊಳ್ಳೋದಿಲ್ಲ. ಜೊತೆ ಬೇಕಾದವರಿಗೆ ಮುಗಿಯದ ಕತೆ ಸರಿ. ಆದರೆ ಹೊರಗೆ ನಿಂತಿರುವವರಿಗೆ, ಅಂದರೆ ನನ್ನ ಮಗನಿಗೆ, ಬಹುಶಃ ನಿಮಗೆ, ಐನೂರನೇ ಸಂಚಿಕೆಯಿಂದ ಒಳಗೆ ಹೋಗೋದಕ್ಕೆ ಆಗೋದಿಲ್ಲ. ಅವರಿಗೆ ಒಂದು ಬಾಗಿಲು ಬೇಕು, ಅದು ಮೊದಲ ಸಂಚಿಕೆಯಲ್ಲೇ ಇರಬೇಕು.

ಅದಕ್ಕೆ, ಈ ವಾರ ನೀವು ಕನ್ನಡದವರ ಒಂದು ಸರಣಿ ಶುರು ಮಾಡೋದಾದರೆ, ಅದು ಮುಗಿದಾಗ ನಿಮ್ಮ ಬಾಯಲ್ಲಿ ಯಾವ ಪ್ರಶ್ನೆ ಬಂತು ಅಂತ ಗಮನಿಸಿ. "ಮುಂದೇನು" ಅಂತಾದರೆ ಮುಂದಿನದನ್ನು ನೋಡಿ, ಖುಷಿಪಡಿ, ನಡುವೆ ಬಿಟ್ಟರೂ ಬೇಜಾರು ಮಾಡಿಕೊಳ್ಳಬೇಡಿ, ತಪ್ಪು ನಿಮ್ಮದಲ್ಲ. "ಯಾಕೆ" ಅಂತಾದರೆ ಅಲ್ಲೇ ನಿಲ್ಲಿಸಿ ಮನೆಗೆ ಫೋನ್ ಮಾಡಿ. ಧಾರಾವಾಹಿ ಹೊತ್ತಾದರೂ ಪರವಾಗಿಲ್ಲ, ಮಾಡಿ.

ನಮ್ಮಲ್ಲಿ ಶುಕ್ರವಾರ ಈಗ ಅಜ್ಜಿಯೇ ಮೊದಲು ಫೋನ್ ಮಾಡುತ್ತಾರೆ. "ಇವತ್ತು ಯಾವುದು ನೋಡಿದ್ಯೋ?" ಅಂತ.